ಹೆಂಡತಿಯನ್ನು ರದ್ದಿ ಕಾಟಾದ ಮೇಲೆ ತೂಗಿದ್ದು

ಇದನ್ನು ಬರೆಯಬೇಕೆಂದು ಕೂತು ಎದ್ದದ್ದು ಎಷ್ಟು ಸಲವೋ. ಮೊದಲು ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ, ಪೊರೆ ತೆಗೆದರು. ಆಮೇಲೆ ಮಳೆಗಾಲ ಮುಗಿಯಲಿ ಎಂದೆ, ಅದೂ ಮುಗಿಯಿತು. ಮೊಮ್ಮಗಳ ಪರೀಕ್ಷೆ ಆಗಲಿ ಎಂದೆ. ಅವಳ ಪರೀಕ್ಷೆಗೂ ನನ್ನ ಬರವಣಿಗೆಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ, ಯಾಕೆಂದರೆ ಬರೆಯುವ ವಿಚಾರ ನಾನು ಯಾರಿಗೂ ಹೇಳಿರಲಿಲ್ಲ. ಈಗ ನೆಪಗಳೆಲ್ಲ ತೀರಿವೆ.

ಮ್ಯಾಟ್ರಿಕ್ ಪಾಸಾಗಿ ವಿಜಯಪುರದ ಕಡೆಯಿಂದ ಮುಂಬೈಗೆ ಬಂದ ನಾನು, ನಾಲ್ಕಾರು ಕಡೆ ಹಮಾಲಿ ಮಾಡಿ, ಕೊನೆಗೆ ಭಾಂಡುಪ್‌ನಲ್ಲಿ ರದ್ದಿ ಅಂಗಡಿ ಇಟ್ಟೆ. ಹಳೆ ಪೇಪರು, ಮಕ್ಕಳ ಹೋದ ವರ್ಷದ ಪುಸ್ತಕ, ರಟ್ಟಿನ ಡಬ್ಬಿ, ಖಾಲಿ ಬಾಟಲಿ, ಇವೇ ನನ್ನ ಸಾಮ್ರಾಜ್ಯ. ಸಿಂಹಾಸನದ ಜಾಗದಲ್ಲಿ ಒಂದು ಕಾಟಾ ಇತ್ತು. ಇಲ್ಲಿ ತಕ್ಕಡಿಗೆ ಕಾಟಾ ಎನ್ನುತ್ತಾರೆ. ನೆಲದ ಮೇಲೆ ಕಬ್ಬಿಣದ ಹಲಗೆ, ಅದಕ್ಕೊಂದು ಕಂಬ, ಕಂಬದ ತುದಿಗೆ ಕೆಂಪಗೆ ಬೆಳಗುವ ಅಂಕಿ.

ರದ್ದಿಯವನ ಕಾಟಾ ಹೇಗೆ ನಡೆಯುತ್ತದೆ ಎಂದು ಈಗ ಹೇಳಿದರೆ ನನ್ನ ಕಸುಬಿನವರು ಸಿಟ್ಟಾಗಬಹುದು, ಆಗಲಿ. ಕೊಳ್ಳುವಾಗ ಪೇಪರ್ ಕಟ್ಟಿನ ಒಂದು ಮೂಲೆ ಪಕ್ಕದ ಚೀಲಕ್ಕೆ ಆತುಕೊಂಡಿರಬೇಕು. ಅಷ್ಟು ತೂಕ ಕಡಿಮೆ ಬೀಳುತ್ತದೆ. ಗೋದಾಮಿನವನಿಗೆ ಮಾರುವಾಗ ಹಲಗೆಯ ಹಿಂದಿನ ಅಂಚಿಗೆ ಕಾಲಿನ ಹೆಬ್ಬೆರಳು ಇಡಬೇಕು. ಅಷ್ಟು ಹೆಚ್ಚು ಬೀಳುತ್ತದೆ. ಗಾಳಿಗೆ ಲುಂಗಿ ಸರಿಪಡಿಸಿಕೊಂಡ ಹಾಗೆ ಮೆಲ್ಲಗೆ ಒತ್ತಬೇಕು, ಅಂಕಿ ಕುಣಿಯಬಾರದು. ಗೋದಾಮಿನವನು ನನ್ನ ಕಾಲು ನೋಡುತ್ತಿದ್ದ, ನಾನು ಅವನ ಕೈ ನೋಡುತ್ತಿದ್ದೆ. ಹೀಗಾಗಿ ನಮ್ಮ ವ್ಯವಹಾರ ಬಹಳ ಪ್ರಾಮಾಣಿಕವಾಗಿತ್ತು.

ಹೆಂಡತಿಗೆ ಐವತ್ತು ಸಮೀಪಿಸಿದಾಗ ಮುಟ್ಟು ನಿಂತಿತು. ನನಗೆ ಅದು ತಿಳಿದ ರೀತಿ ಕೇಳಿ. ನಮ್ಮದು ಚಾಳಿನ ಒಂದೇ ಖೋಲಿ; ದೇವರು, ಒಲೆ, ಮಂಚ ಎಲ್ಲ ಅದರಲ್ಲೇ. ತಿಂಗಳಲ್ಲಿ ಮೂರು ದಿನ ಅವಳು ದೇವರ ಹಲಗೆ ಮುಟ್ಟುತ್ತಿರಲಿಲ್ಲ, ದೀಪ ಹಚ್ಚುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಬಹಳ ದಿನ ಆ ಕೆಲಸ ಬರಲಿಲ್ಲ. ನಾನು ಸಂತೋಷಪಟ್ಟೆ. ಅವಳ ದೇಹದಲ್ಲಿ ಏನು ನಡೆಯುತ್ತಿದೆ ಎಂಬುದರ ಬಗ್ಗೆ ನನ್ನ ಜ್ಞಾನ ಅಷ್ಟೇ: ಬೆಂಕಿಕಡ್ಡಿ ಗೀರುವುದು ತಪ್ಪಿತು.

ಆಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಮೈ ಕಾಯತೊಡಗಿತು. ಡಿಸೆಂಬರಿನಲ್ಲಿ ಫ್ಯಾನು ಜೋರು ಮಾಡುವಳು, ನಾನು ಚಾದರ ಹೊದ್ದು ಬಯ್ಯುವೆ. ನಿದ್ದೆ ಕೆಟ್ಟಿತು. ಮೊದಲಿನಷ್ಟೇ ಉಂಡರೂ ಸೊಂಟದ ಸುತ್ತ, ಹೊಟ್ಟೆಯ ಮೇಲೆ ಬೊಜ್ಜು ಬಂತು. ಮೊದಲಿನಷ್ಟೇ ಎಂದೆನಲ್ಲ, ಆ 'ಅಷ್ಟು' ಎಷ್ಟು ಎಂದೂ ಹೇಳಬೇಕು. ನಮ್ಮ ಕಡೆ ಮನೆಯ ಹೆಂಗಸು ಎಲ್ಲರದೂ ಆದ ಮೇಲೆ ಉಣ್ಣುತ್ತಾಳೆ. ಉಳಿದ ರೊಟ್ಟಿ ಚೆಲ್ಲುವುದು ಪಾಪ, ಆ ಪಾಪ ಮನೆಗೆ ತಟ್ಟದ ಹಾಗೆ ನೋಡಿಕೊಳ್ಳುವ ಹೊಣೆ ಅವಳ ಹೊಟ್ಟೆಯದು. ನಾನು ದಿನವೂ ಒಂದೆರಡು ರೊಟ್ಟಿ ಹೆಚ್ಚಿಗೆ ಮಾಡಿಸುತ್ತಿದ್ದೆ, ಬೇಕೆನಿಸಿದರೆ ಇರಲಿ ಎಂದು. ಬೇಕೆನಿಸುತ್ತಿರಲಿಲ್ಲ. ನನ್ನ ಅನಿಸಿಕೆಗಳನ್ನೆಲ್ಲ ಅವಳು ಉಂಡಳು.

ಒಂದು ಭಾನುವಾರ ಮಧ್ಯಾಹ್ನ ಬುತ್ತಿ ತಂದವಳು ಕಾಟಾದ ಕಡೆ ನೋಡುತ್ತ ನಿಂತಳು.

"ಏನ್ರಿ, ಇದರ ಮ್ಯಾಲ ನಿಂತ್ರ ನಂದೂ ತೂಕ ಬರತೈತೇನ್ರಿ?"

"ಬರತೈತಿ. ಮಷೀನ್ ತಾಳಬೇಕಷ್ಟ," ಎಂದೆ.

ಎದುರಿನ ವಡಾಪಾವ್ ಗಾಡಿಯವನು ಕೈಯಲ್ಲಿ ವಡಾ ಎತ್ತುವ ಜಾರೆ ಹಿಡಿದು ನಮ್ಮ ಕಡೆ ತಿರುಗಿದ. ಅವಳು ಚಪ್ಪಲಿ ಬಿಟ್ಟು, ಸೆರಗು ಬಿಗಿ ಹಿಡಿದು ಹಲಗೆ ಹತ್ತಿದಳು. ನಾನು ರಸ್ತೆಗೆ ಕೇಳುವಂತೆ ಅಂಕಿ ಕೂಗಿದೆ. "ಪೇಪರ್ ರೇಟ್ ಹಾಕ್ಲ್ಯೋ, ಪುಸ್ತಕದ ರೇಟ್ ಹಾಕ್ಲ್ಯೋ?" ಎಂದೆ.

"ಶೇಟ್, ಲೋಖಂಡಾಚಾ ಭಾವ ಲಾವಾ," ಎಂದ ಗಾಡಿಯವನು. ಕಬ್ಬಿಣದ ದರ ಹಾಕಿ ಎಂದು.

ಅವಳೂ ನಕ್ಕಳು. ಹೆಂಡತಿ ನಕ್ಕಳೆಂದರೆ ಅವಮಾನ ಆಗಿಲ್ಲ ಎಂದು ಗಂಡಸರು ತಿಳಿಯುತ್ತಾರೆ. ನನ್ನ ಹೊಟ್ಟೆ ಆಗ ಹೇಗಿತ್ತೆಂದರೆ, ಕಾಟಾದ ಮೇಲೆ ನಿಂತಿದ್ದರೆ ನನ್ನ ಪಾದವೇ ನನಗೆ ಕಾಣುತ್ತಿರಲಿಲ್ಲ. ಹಾಗಾಗಿ ನಾನು ಎಂದೂ ನಿಲ್ಲಲಿಲ್ಲ. ತೂಗುವವನಿಗೆ ತೂಕವಿಲ್ಲ ಎಂಬ ನಂಬಿಕೆಯಿಂದ ಬದುಕಿದ್ದೆ.

ಅಲ್ಲಿಂದ ಪ್ರತಿ ಭಾನುವಾರ ತೂಕ ನೋಡುವುದು ರೂಢಿಯಾಯಿತು. ಅವಳಿಗೆ ನಿಜವಾಗಿ ಕಡಿಮೆ ಆಗಬೇಕಿತ್ತು. ಮೊಣಕಾಲು ನೋಯುತ್ತಿತ್ತು, ಚಾಳಿನ ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿತ್ತು. ನನಗೆ ಭಾನುವಾರದ ನಗೆ ಬೇಕಿತ್ತು. ನೆರೆದವರೆಲ್ಲ ಔಷಧ ಹೇಳುವವರೇ. ಬಿಸಿನೀರಿಗೆ ಜೇನು-ನಿಂಬೆ ಎಂದ ಒಬ್ಬ. ಜೀರಿಗೆ ನೀರು ಎಂದ ಇನ್ನೊಬ್ಬ. ಎಣ್ಣೆ ಪದಾರ್ಥ ಮುಟ್ಟಲೇಬಾರದು ಎಂದವನು ವಡಾ ಕರಿಯುತ್ತಿದ್ದವನೇ.

ಪವಾಯಿಯಲ್ಲಿ ಸಂಸಾರ ಹೂಡಿರುವ ಮಗಳು ಬಂದಾಗ ಈ ಸಂತೆ ನೋಡಿದಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿ ಹತ್ತಿಕೊಳ್ಳುತ್ತದೆ.

"ಪಪ್ಪಾ, ಯೆ ಮೆನೋಪಾಜ್ ಹೈ. ಮಮ್ಮಿ ಮೇಲೆ ಹಿಂಗ ನಗಬಾರದು ನೀವು."

"ನಿಮ್ಮಜ್ಜಿಗೆ ಇಂಥಾದ್ದೇನೂ ಇರ್ಲಿಲ್ಲ ಬಿಡವಾ."

"ಅಜ್ಜೀಗೆ ಭೀ ಇತ್ತು. ಕಿಸೀನೇ ಪೂಛಾ ನಹೀ."

ಯಾರೂ ಕೇಳಲಿಲ್ಲ ಎಂದಳು. ನಾನು ಪೇಪರ್ ಕಟ್ಟು ಬಿಗಿಯುವುದರಲ್ಲಿ ಮಗ್ನನಾದೆ.

ದಾರಿ ತೋರಿಸಿದವರು ಪಕ್ಕದ ಖೋಲಿಯ ಹೆಂಗಸು. ಕಲಬುರ್ಗಿ ಕಡೆಯ ಮುಸ್ಲಿಮರು, ಗಂಡ ತೀರಿಕೊಂಡಿದ್ದ. ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಚ್ಚಿ ಬದುಕುತ್ತಿದ್ದರು. ನನ್ನನ್ನು ಭಾಯಿ ಎನ್ನುತ್ತಿದ್ದರು. ನನ್ನ ಹೆಂಡತಿ ಅವರನ್ನು ಆಪಾ ಎನ್ನುತ್ತಿದ್ದಳು, ಅವರು ಇವಳನ್ನು ಅಕ್ಕಾ ಎನ್ನುತ್ತಿದ್ದರು. ಎರಡಕ್ಕೂ ಅರ್ಥ ಒಂದೇ. ಇಬ್ಬರೂ ಮತ್ತೊಬ್ಬರನ್ನು ಹಿರಿಯಳನ್ನಾಗಿ ಮಾಡಿ ತಾವು ಕಿರಿಯರಾಗಿಬಿಡುತ್ತಿದ್ದರು. ಇವಳ ಬ್ಲೌಸುಗಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುತ್ತಿದ್ದವರೂ ಅವರೇ, ಅವರಿಗೂ ಅದೇ ವಯಸ್ಸು, ಅದೇ ಸಂಕಟ.

"ಅಕ್ಕಾ, ನಾ ಮಷೀನ್ ಮುಂದ ಕುಂತೀನಿ, ನೀವ್ ಒಲಿ ಮುಂದ ಕುಂತೀರಿ," ಎಂದರಂತೆ ಒಂದು ದಿನ. "ಹಿಂಗೇ ಕುಂತ್ರ ನಾಳಿ ನಮ್ಮಿಬ್ರನ್ನೂ ಭಾಯಿ ಗೋಣಿಚೀಲದಾಗ ಹಾಕಿ ಮಾರಿಬಿಡ್ತಾರ. ಏಳ್ರಿ, ನಡೀಲಾಕ ಹೋಗಮು."

ಬೆಳಗಾಗುತ್ತಲೇ ಇಬ್ಬರೂ ಗುಡ್ಡದ ಕಡೆಯ ಏರು ರಸ್ತೆಗೆ ನಡೆಯಲು ಹೋಗತೊಡಗಿದರು. ಒಬ್ಬಳು ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ಹಾಕಿದವಳು, ಇನ್ನೊಬ್ಬರು ಬುರ್ಖಾದ ಕೆಳಗೆ. ಚಾಳಿನ ಗಂಡಸರು ನಲ್ಲಿಯ ಹತ್ತಿರ ಹಲ್ಲುಜ್ಜುತ್ತ "ಪಿ.ಟಿ. ಕ್ಲಾಸ್ ಹೊಂಟಿತು" ಎನ್ನುತ್ತಿದ್ದರು. ಆ ಮಾತು ಹುಟ್ಟಿಸಿದವನು ನಾನೇ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮರಳಿ ಬರುವಾಗ ಓಣಿಯ ತುದಿಯಿಂದಲೇ ಇಬ್ಬರ ನಗು ಕೇಳುತ್ತಿತ್ತು. ಏನು ಹೇಳಿಕೊಂಡು ನಗುತ್ತಿದ್ದರೋ, ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ: ನನ್ನ ಚಹಾ ತಡವಾಗುತ್ತಿತ್ತು, ಮತ್ತು ಆ ನಗು ನನ್ನ ಅಂಗಡಿಯ ಮುಂದೆ ಅವಳು ನಗುತ್ತಿದ್ದ ನಗುವಲ್ಲ.

ರೊಟ್ಟಿಯ ರೂಢಿಯೂ ಬದಲಾಯಿತು. "ಎಷ್ಟ್ ಉಣ್ಣಾವ್ರು ಅಷ್ಟ ಹೇಳ್ರಿ, ಅಷ್ಟ ಬಡೀತೀನಿ," ಎಂದಳು. ಮೂವತ್ತು ವರ್ಷ ಸಂಸಾರ ಮಾಡಿದ ಮೇಲೆ ಮೊದಲ ಸಲ ನನಗೆ ಹಸಿವೆಯ ಲೆಕ್ಕ ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ. ಬಹಳ ಸಿಟ್ಟು ಬಂತು.

ಒಂದು ಭಾನುವಾರ ಕಾಟಾ ಹತ್ತಿದಾಗ ಅಂಕಿ ಕೆಳಗಿಳಿದಿತ್ತು. ಅವಳು ಇನ್ನೂ ಸೆರಗು ಸರಿಪಡಿಸಿಕೊಳ್ಳುತ್ತಿದ್ದಳು, ನೋಡಿರಲಿಲ್ಲ. ನಾನು ನೋಡಿದೆ. ಹಿಂದೆ ನಿಂತಿದ್ದವನು ಕಾಲು ಚಾಚಿದೆ, ಹೆಬ್ಬೆರಳನ್ನು ಅಂಚಿಗೆ ಇಟ್ಟೆ. ಅಂಕಿ ಹೋದ ವಾರ ಇದ್ದಲ್ಲಿಗೇ ಬಂದು ನಿಂತಿತು.

"ನಡದದ್ದೆಲ್ಲಾ ಎಲ್ಲಿ ಹೋತು?" ಎಂದೆ. ಗಾಡಿಯವನು ನಕ್ಕ. ಆ ಸಲ ಅವಳು ನಗಲಿಲ್ಲ.

ಮೊದಲನೆಯದು ತಮಾಷೆಗೆ ಎಂದು ಹೇಳಿಕೊಳ್ಳಬಹುದು. ಮುಂದಿನ ವಾರವೂ ಒತ್ತಿದೆ. ಅದರ ಮುಂದಿನ ವಾರವೂ. ಅವಳು ಇಳಿದಷ್ಟೂ ನಾನು ಹೆಚ್ಚು ಒತ್ತಬೇಕಿತ್ತು. ಅಂಕಿಯನ್ನು ಒಂದೇ ಕಡೆ ನಿಲ್ಲಿಸುವುದು ಸುಲಭದ ಕೆಲಸವಲ್ಲ, ಅಷ್ಟು ವರ್ಷದ ಅನುಭವ ಬೇಕು. ನನ್ನ ಕಸುಬಿನ ಪೂರ್ತಿ ಕೈಚಳಕವನ್ನು, ಕಾಲ್ಚಳಕ ಎನ್ನಬೇಕು, ನಾನು ಗೋದಾಮಿನವನ ಮೇಲೆ ಕೂಡ ಅಷ್ಟು ಶ್ರದ್ಧೆಯಿಂದ ಬಳಸಿರಲಿಲ್ಲ. ನಡೆದು ಉಪಯೋಗವಿಲ್ಲ ಎಂದು ಅನಿಸಿದರೆ ಅವಳು ನಡೆಯುವುದು ಬಿಟ್ಟಾಳು, ಚಹಾ ಹೊತ್ತಿಗೆ ಸರಿಯಾಗಿ ಬಂದೀತು. ಇದೇ ನನ್ನ ಯೋಜನೆ. ಇಷ್ಟು ಸಣ್ಣ ಆಸೆಗೆ ಇಷ್ಟು ದೊಡ್ಡ ಮೋಸ ಮಾಡಿದವನು ಭಾಂಡುಪ್‌ನಲ್ಲಿ ಇನ್ನೊಬ್ಬನಿರಲಾರ.

ಈ ನಡುವೆ ಆಪಾ ಒಂದು ಬ್ಲೌಸ್ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಭಾಯಿ, ನೋಡ್ರಿ. ಬಿಚ್ಚಿದ್ದ ಹೊಲಿಗಿ ತಿರುಗಿ ಹಾಕೋದು ಬಂದದ. ಅಕ್ಕಾ ಇಳದಾರ." ಹೆಂಡತಿ ಬ್ಲೌಸನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಇಲ್ಲ ಆಪಾ, ಕಾಟಾದಾಗ ಇಳದಿಲ್ಲ," ಎಂದಳು. ಬ್ಲೌಸ್ ಒಂದು ಹೇಳುತ್ತಿತ್ತು, ಕಾಟಾ ಒಂದು ಹೇಳುತ್ತಿತ್ತು. ಅವಳು ಕಾಟಾವನ್ನು ನಂಬಿದಳು, ಯಾಕೆಂದರೆ ಅದು ಗಂಡನ ಕಾಟಾ.

ಅವಳು ನಡೆಯುವುದನ್ನು ಬಿಡಲಿಲ್ಲ. ಉಣ್ಣುವುದನ್ನು ಬಿಟ್ಟಳು. ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಮೊದಲು ರಾತ್ರಿ ಊಟ ಹೋಯಿತು. ಸೋಮವಾರದ ಉಪವಾಸಕ್ಕೆ ಗುರುವಾರದ್ದು ಸೇರಿತು, ಆಮೇಲೆ ಶನಿವಾರದ್ದೂ. ನಮ್ಮಲ್ಲಿ ದೇವರಿಗೇನು ಕೊರತೆ, ಪ್ರತಿ ವಾರಕ್ಕೂ ಒಬ್ಬ ಸಿಗುತ್ತಾನೆ. ಉಳಿದ ದಿನ ಮಜ್ಜಿಗೆ, ಅರ್ಧ ರೊಟ್ಟಿ. ಆಪಾ ಬಯ್ಯುತ್ತಿದ್ದದ್ದು ಗೋಡೆಯ ಈಚೆಗೆ ನನಗೆ ಕೇಳುತ್ತಿತ್ತು: "ಅಕ್ಕಾ, ರೋಜಾದ ಉಪಾಸ ನಮಗದ, ನಿಮಗಲ್ಲ. ನಾವೂ ಸಂಜೀಕ ಉಣ್ತೀವಿ." ನಾನು ಕೇಳಿಸಿಕೊಂಡೆ. ಭಾನುವಾರ ಬಂತು, ಒತ್ತಿದೆ.

ಒಂದು ಬೆಳಿಗ್ಗೆ ಏರು ರಸ್ತೆಯಲ್ಲಿ ಅವಳಿಗೆ ಕಣ್ಣು ಕತ್ತಲೆ ಬಂತು. ಬಿದ್ದಳು. ನೆಲಕ್ಕೆ ಊರಿದ ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು. ಆಪಾ ಒಬ್ಬರೇ ಅವಳನ್ನು ಎಬ್ಬಿಸಿ, ರಿಕ್ಷಾ ಹಿಡಿದು, ಚಾಳಿಗೆ ತಂದರು. ನಲ್ಲಿಯ ಹತ್ತಿರ ಎಲ್ಲರೂ ಇದ್ದರು. ಹೆಂಡತಿಯ ಮುಖ ಸುಣ್ಣದ ಹಾಗೆ ಬಿಳುಚಿತ್ತು, ಕೈ ಸೊಟ್ಟಗಾಗಿತ್ತು.

ನನ್ನ ಹೆಬ್ಬೆರಳು ನನಗೆ ಗೊತ್ತಿತ್ತು. ಆ ಕ್ಷಣದಲ್ಲೇ ಗೊತ್ತಿತ್ತು. ಅದಕ್ಕಾಗಿಯೇ ನಾನು ಆಪಾನ ಮೇಲೆ ಏರಿಹೋದೆ.

"ಎಲ್ಲಾ ನಿಮ್ಮಿಂದ ಆತು. ನಿಮಗೇನು, ಅಡಗಿ ಮಾಡಿ ಹಾಕಾಕ ಮನ್ಯಾಗ ಗಂಡ ಇಲ್ಲ, ಕೂಳಿನ ಚಿಂತಿ ಇಲ್ಲ. ಬೀದಿ ಸುತ್ತಾಕ ಜೋಡಿ ಬೇಕಂತ ನನ್ನ ಹೇಣ್ತೀನ್ನ ಹಾಳ ಮಾಡಿದ್ರಿ. ಇನ್ನ ನಮ್ಮ ಬಾಗಲಾ ತುಳೀಬ್ಯಾಡ್ರಿ."

ಹಲ್ಲುಜ್ಜುತ್ತಿದ್ದವರು ಬ್ರಶ್ ಬಾಯಲ್ಲಿಟ್ಟುಕೊಂಡೇ ನಿಂತರು. ಆಪಾ ಹೆಂಡತಿಯ ಒಂದು ಬೂಟು ಕೈಯಲ್ಲಿ ಹಿಡಿದಿದ್ದರು, ಬಿದ್ದಾಗ ಕಳಚಿದ್ದು. ಅದನ್ನು ಹೊಸ್ತಿಲ ಹತ್ತಿರ ಇಟ್ಟರು.

"ಭಾಯಿ, ರಿಕ್ಷಾ ನಿಲ್ಸೀನಿ. ಮೊದ್ಲು ದವಾಖಾನಿಗಿ ಕರ್ಕೊಂಡ್ ಹೋಗ್ರಿ," ಎಂದು ತಮ್ಮ ಖೋಲಿಗೆ ಹೋದರು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವ ಮೊದಲು ನರ್ಸ್ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಅಂಕಿ ಗಟ್ಟಿಯಾಗಿ ಓದಿದಳು. ನಮ್ಮ ಅಂಗಡಿಯ ಅಂಕಿಗಿಂತ ಎಷ್ಟೋ ಕೆಳಗಿತ್ತು. ಹೆಂಡತಿ ಯಂತ್ರ ನೋಡಲಿಲ್ಲ, ನರ್ಸನ್ನೂ ನೋಡಲಿಲ್ಲ. ತಿರುಗಿ ನನ್ನ ಪಾದ ನೋಡಿದಳು. ನಾನು ಬಾಗಿಲ ಹತ್ತಿರ, ಬಹಳ ದೂರದಲ್ಲಿ ನಿಂತಿದ್ದೆ. ಮೂವತ್ತು ವರ್ಷ ರದ್ದಿಯವನ ಸಂಸಾರ ಮಾಡಿದವಳಿಗೆ ಮತ್ತೆ ಏನೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿ ಹಿಂದಿಯಲ್ಲಿ ತಿಳಿಸಿ ಹೇಳಿದಳು. ಮುಟ್ಟು ನಿಂತ ಮೇಲೆ ಎಲುಬು ಸವೆಯುತ್ತದೆ, ಮಾಂಸಖಂಡ ಕಡಿಮೆಯಾಗುತ್ತದೆ, ಕೊಬ್ಬು ಹೊಟ್ಟೆಗೆ ಬಂದು ಕೂರುತ್ತದೆ. ಹಸಿದುಕೊಂಡಿದ್ದರೆ ಹೋಗಬಾರದ್ದು ಹೋಗುತ್ತದೆ. ಬೇಳೆ, ಕಾಳು, ಮೊಸರು ಹೊಟ್ಟೆ ತುಂಬ ತಿನ್ನಬೇಕು. ನಡೆಯಬೇಕು. ಕೈ ಕೂಡಿದ ಮೇಲೆ ಸ್ವಲ್ಪ ಭಾರ ಎತ್ತಬೇಕು. ನಿದ್ದೆ ಮಾಡಬೇಕು. "ನಡೆಯುವುದನ್ನು ಶುರು ಮಾಡಿಸಿದವರು ಯಾರು? ಒಳ್ಳೆಯ ಕೆಲಸ ಮಾಡಿದ್ದಾರೆ," ಎಂದಳು. ನಾನು ಗೋಡೆಯ ಮೇಲಿನ ಎಲುಬಿನ ಚಿತ್ರ ನೋಡುತ್ತಿದ್ದೆ.

ಪ್ಲಾಸ್ಟರ್ ಇದ್ದಷ್ಟು ದಿನ ಅಡುಗೆ ನನ್ನದು. ನಾನು ಬಡಿದ ರೊಟ್ಟಿಗೆ ನಕಾಶೆಯಲ್ಲಿ ಯಾವ ದೇಶದ ಆಕಾರವೂ ಹೊಂದುತ್ತಿರಲಿಲ್ಲ. ಅವಳು ಎಡಗೈಯಲ್ಲಿ ಮುರಿದುಕೊಂಡು ಉಣ್ಣುತ್ತಿದ್ದಳು. ಒಂದು ದಿನ ಉಣ್ಣುತ್ತಲೇ ಕೇಳಿದಳು.

"ಎಷ್ಟ್ ದಿನದಿಂದ ಒತ್ತಾಕತ್ತಿದ್ರಿ?"

"ನೀ ಇಳ್ಯಾಕ ಹತ್ತಿದ ದಿನದಿಂದ."

"ಯಾಕ?"

ಚಹಾ ತಡವಾಗುತ್ತಿತ್ತು ಎಂದೆ. ಬಾಯಿಂದ ಹೊರಬಿದ್ದ ಮೇಲೆ ಆ ಮಾತು ಎಷ್ಟು ಚಿಕ್ಕದಾಗಿ ಕೇಳಿಸಿತೆಂದರೆ, ಇದಕ್ಕಿಂತ ದೊಡ್ಡ ಕಾರಣ ಏನಾದರೂ ಇರಬಾರದಿತ್ತೇ ಎನಿಸಿತು. ತಪ್ಪಾಯಿತು ಎಂದೂ ಹೇಳಿದೆ. ಜೀವನದಲ್ಲಿ ಮೊದಲ ಸಲ ಹೇಳಿದ್ದರಿಂದ ಸರಿಯಾಗಿ ಬರಲಿಲ್ಲ, ಕೆಮ್ಮಿದ ಹಾಗಿತ್ತು.

ಅವಳು ತುತ್ತು ನುಂಗಿ, ನೀರು ಕುಡಿದು, "ನನಗ ಹೇಳಿದ್ದಾತು. ಆಪಾಗ ಯಾವಾಗ ಹೇಳ್ತೀರಿ?" ಎಂದಳು.

"ಹೇಳ್ತೀನಿ."

"ಮಂದಿ ಮುಂದ ಬೈದೀರಿ. ಮಂದಿ ಮುಂದ ಹೇಳ್ಬೇಕು."

ಅಲ್ಲಿಗೆ ಬಂದು ನಾನು ನಿಂತೆ. ಹೆಂಡತಿಯ ಮುಂದೆ ಒಪ್ಪಿಕೊಳ್ಳುವುದು ಒಂದು. ನಲ್ಲಿಯ ಹತ್ತಿರ, ವಡಾಪಾವಿನವನ ಎದುರು, ನಾನು ಕಾಟಾ ಒತ್ತುತ್ತೇನೆ, ಹೆಂಡತಿಗೂ ಒತ್ತಿದೆ ಎಂದರೆ ಅಂಗಡಿಗೆ ಯಾರು ಬರುತ್ತಾರೆ? ರಂಜಾನ್ ಮುಗಿಯಲಿ ಎಂದೆ. ಈದ್ ದಿನ ಹೇಳಿದರೆ ಚೆಂದ ಎಂದೆ. ಈದ್ ದಿನ ಹೇಳಿದರೆ ಅವರ ಹಬ್ಬ ಕೆಡುತ್ತದೆ ಎಂದೆ. ಬೇರೆಯವರ ಹಬ್ಬದ ಮೇಲೆ ನನಗೆ ಅಷ್ಟು ಕಾಳಜಿ ಹಿಂದೆಂದೂ ಇರಲಿಲ್ಲ.

ಆಪಾ ನನ್ನ ಮಾತಿನಂತೆ ನಡೆದುಕೊಂಡರು, ನಮ್ಮ ಬಾಗಿಲು ತುಳಿಯಲಿಲ್ಲ. ಹೊಲಿದ ಬ್ಲೌಸನ್ನು ಚೀಲದಲ್ಲಿ ಹಾಕಿ ಅಗುಳಿಗೆ ತೂಗುಹಾಕಿ ಹೋಗುತ್ತಿದ್ದರು. ಚಾಳಿನ ಹೆಂಗಸರು ಕೂಡ ಅವರ ಜೊತೆ ನಡೆಯಲು ಹೆದರಿದರು. ಒಬ್ಬಳ ಕೈ ಮುರಿಸಿದವರು ಎಂದು ಹೆಸರಾಯಿತು. ಆ ಹೆಸರು ಇಟ್ಟವನು ನಾನು. ಆಮೇಲೆ ಚಾಳನ್ನು ಕೆಡವಿ ಬಿಲ್ಡಿಂಗ್ ಕಟ್ಟಲು ಬಿಲ್ಡರ್ ಬಂದ, ಎಲ್ಲರೂ ಖಾಲಿ ಮಾಡಿದೆವು. ನಾವು ಅಂಗಡಿಯ ಹತ್ತಿರ ಮಾಳಿಗೆಯ ಮೇಲೊಂದು ಬಾಡಿಗೆ ಖೋಲಿ ಹಿಡಿದೆವು. ಆಪಾ ದಹಿಸರ್‌ನಲ್ಲಿದ್ದ ತಂಗಿಯ ಮನೆಗೆ ಹೋದರು. ಹೋಗುವಾಗಲೂ ಆ ಹೆಸರನ್ನು ಹೊತ್ತುಕೊಂಡೇ ಹೋದರು.

ಹೆಂಡತಿ ಈಗ ಅಂಗಡಿಗೆ ಬಂದು ಪೇಪರ್ ಕಟ್ಟು ತಾನೇ ಎತ್ತಿಡುತ್ತಾಳೆ. ಡಾಕ್ಟರಮ್ಮ ಭಾರ ಎತ್ತಲು ಹೇಳಿದ್ದಾಳೆ ಎಂದು. ಹೆಸರುಕಾಳು, ಮೊಸರು, ತನಗೆ ಬೇಕಾದಷ್ಟೇ ರೊಟ್ಟಿ, ಅದೂ ನನ್ನ ಜೊತೆಗೇ ಕೂತು ಉಣ್ಣುತ್ತಾಳೆ. ತೆಳ್ಳಗೆ ಆಗಿಲ್ಲ. ಹೊಟ್ಟೆ ಸ್ವಲ್ಪ ಇದ್ದೇ ಇದೆ. ಅಷ್ಟು ಇರಲಿ ಎಂದು ಡಾಕ್ಟರಮ್ಮನೂ ಹೇಳಿದ್ದಾಳೆ. ಮೆಟ್ಟಿಲು ಮಾತ್ರ ನನಗಿಂತ ಮುಂಚೆ ಹತ್ತಿ ಮುಗಿಸಿ ಮೇಲೆ ನಿಂತಿರುತ್ತಾಳೆ. ಕಾಟಾದ ಮೇಲೆ ಆಮೇಲೆ ಎಂದೂ ನಿಲ್ಲಲಿಲ್ಲ.

ಆಗಾಗ ಲೋಕಲ್ ಹಿಡಿದು, ದಾದರ್‌ನಲ್ಲಿ ಬದಲಿಸಿ, ದಹಿಸರ್‌ಗೆ ಹೋಗುತ್ತಾಳೆ. ಅಲ್ಲಿಯ ಒಂದು ಗಾರ್ಡನ್ನಿನಲ್ಲಿ ಇಬ್ಬರೂ ಸುತ್ತು ಹಾಕುತ್ತಾರಂತೆ. ಹೋದ ತಿಂಗಳು ನಾನೂ ಬರುತ್ತೇನೆ ಎಂದೆ. ಅವಳು ಬೂಟು ಕಟ್ಟಿಕೊಂಡಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿದೆ. ದಹಿಸರ್ ಸ್ಟೇಷನ್ ಹೊರಗೆ ಬಾಳೆಹಣ್ಣು ಕೊಂಡೆ. ಅವರ ಬಿಲ್ಡಿಂಗಿನ ಗೇಟಿನ ತನಕ ಹೋಗಿ, "ನೀ ಹೋಗಿ ಬಾ, ನಾ ಇಲ್ಲೇ ಇರ್ತೀನಿ," ಎಂದೆ. ಅವರು ನಡೆದು ಬರುವ ತನಕ ವಾಚ್‌ಮನ್ನನ ಸ್ಟೂಲಿನ ಮೇಲೆ ಕೂತು, ಬಾಳೆಹಣ್ಣು ನಾನೇ ತಿಂದೆ.

ಆಪಾ ಹೆಂಡತಿಯನ್ನು ಬಿಡಲು ಗೇಟಿನವರೆಗೆ ಬಂದರು. ಕೂದಲು ಪೂರ್ತಿ ನರೆತಿದೆ. ನನ್ನನ್ನು ನೋಡಿದರು.

"ಭಾಯಿ, ಇಷ್ಟು ದೂರ ಬಂದು ಚಾ ಕುಡೀಲಾರ್ದೆ ಹೋಗ್ತೀರಿ?"

"ಟ್ರೇನ್ ಐತಿ," ಎಂದೆ.

ಒಂದು ಹೋದರೆ ಬೆನ್ನಿಗೆ ಇನ್ನೊಂದು ಬರುವ ಊರಿನಲ್ಲಿ ಟ್ರೇನ್ ಐತಿ ಎಂದೆ. ಹೆಂಡತಿ ನನ್ನ ಕಡೆ ನೋಡಲಿಲ್ಲ, ಮುಂದೆ ನಡೆದಳು. ನಾನು ಹಿಂದೆ ಹೋದೆ.

ಹಾಗಾಗಿ ಮಂದಿ ಮುಂದೆ ಹೇಳಬೇಕಾದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ಆಪಾ ಕನ್ನಡ ಮಾತಾಡುತ್ತಾರೆ, ಓದುವುದು ಬರುವುದಿಲ್ಲ. ಅದೂ ನನಗೆ ಗೊತ್ತಿದೆ, ಆದ್ದರಿಂದ ಇದು ಕ್ಷಮೆ ಕೇಳಿದ ಹಾಗಲ್ಲ. ಕೈ ಮುರಿದದ್ದು ನನ್ನ ಹೆಬ್ಬೆರಳಿನಿಂದ. ಬೈಸಿಕೊಂಡವರು, ಊರಿಗೆಲ್ಲ ಕೆಟ್ಟವರಾದವರು, ತಪ್ಪಾಯಿತು ಎಂಬ ಮಾತನ್ನು ನನ್ನಿಂದ ಇನ್ನೂ ಕೇಳದವರು ನಮ್ಮ ಗೋಡೆಯಾಚೆಯ ಖೋಲಿಯಲ್ಲಿ ಬ್ಲೌಸ್ ಹೊಲಿಯುತ್ತಿದ್ದ ಆಪಾ.